ಇಳಿದದ್ದಾಯಿತು, ಹೊರಡುವುದು ಹೇಗೆ? ಮಾಕಿನ್ ದ್ವೀಪದ ದಾಳಿ ಕಲಿಸಿದ ಲೆಕ್ಕ

ಪ್ರಶ್ನೆ: 1942ರ ಆಗಸ್ಟ್‌ನಲ್ಲಿ ಅಮೆರಿಕದ ಮೆರೀನ್ ರೇಡರ್‌ಗಳು, ಅಂದರೆ ಕಡಲಿನಿಂದ ಇಳಿದು ದಿಢೀರ್ ದಾಳಿ ಮಾಡುವ ಪಡೆಯವರು, ಪೆಸಿಫಿಕ್ ಸಾಗರದ ಮಾಕಿನ್ ದ್ವೀಪದ ಮೇಲೆ ದಾಳಿ ಮಾಡಿದಾಗ ಎದುರಿಗಿದ್ದ ಜಪಾನಿ ಕಾವಲಿಗಿಂತ ಅವರೇ ಹೆಚ್ಚು ಜನರಿದ್ದರು. ಆದರೂ ಅದೇ ರಾತ್ರಿ ಶರಣಾಗುತ್ತೇವೆಂದು ಚೀಟಿ ಬರೆದರಂತೆ. ಗೆದ್ದವರಿಗೆ ಈ ಗತಿ ಬಂದದ್ದು ಹೇಗೆ? ಅಂಗೈಯಗಲದ ದ್ವೀಪದಲ್ಲಿ ಸೇನಾ ನೆಲೆ ಇಡುವುದೇಕೆ, ಇನ್ನೊಬ್ಬರು ಅದರ ಮೇಲೆ ದಾಳಿ ಮಾಡಿ ಮತ್ತೆ ಬಿಟ್ಟುಹೋಗುವುದೇಕೆ? 1961ರಲ್ಲಿ ನಮ್ಮ ಕಾರವಾರದ ಎದುರಿನ ಅಂಜದೀವಿನಲ್ಲಿ ನೌಕಾಪಡೆಯವರು ಸತ್ತದ್ದೂ ಇದೇ ಬಗೆಯ ತಪ್ಪಿನಿಂದಲೇ?

ಉತ್ತರ: ಮೊದಲ ಪ್ರಶ್ನೆಗೆ ನೇರ ಉತ್ತರ ಕೊಟ್ಟುಬಿಡುತ್ತೇನೆ. ಮಾಕಿನ್‌ನಲ್ಲಿ ರೇಡರ್‌ಗಳನ್ನು ಸೋಲಿಸಿದ್ದು ಜಪಾನೀಯರಲ್ಲ, ದಡಕ್ಕೆ ಬಡಿಯುವ ಅಲೆ. ದ್ವೀಪದಾಳಿಯ ಯೋಜನೆಯನ್ನು ಹೊರಡುವ ಗಳಿಗೆಯಿಂದ ಹಿಂದಕ್ಕೆ ಲೆಕ್ಕ ಹಾಕುತ್ತ ಬರಬೇಕು. ಯಾವ ದಡದಿಂದ, ಯಾವ ನೀರಿನಲ್ಲಿ, ಎಷ್ಟು ಹೊತ್ತಿಗೆ, ಯಾವ ದೋಣಿಯಲ್ಲಿ ಹೊರಡುತ್ತೇವೆ ಎಂಬುದು ಖಚಿತವಾದ ಮೇಲೆ ಎಲ್ಲಿ ಇಳಿಯಬೇಕೆಂದು ನೋಡಬೇಕು. ಮಾಕಿನ್‌ನಲ್ಲಿ ಇಳಿಯುವುದನ್ನು ಬಹಳ ಯೋಚಿಸಿದ್ದರು. ಹೊರಡುವುದು ಇಳಿದದ್ದರ ತಿರುವುಮುರುವು ಅಷ್ಟೇ ಎಂದುಕೊಂಡರು. ಅದು ಹಾಗಲ್ಲ ಎಂಬುದು ನಮ್ಮ ಕರಾವಳಿಯ ನಾಡದೋಣಿಯವರಿಗೆಲ್ಲ ಗೊತ್ತು.

ಮಾಕಿನ್ ಹವಳದ ದ್ವೀಪಗಳ ಒಂದು ಉಂಗುರ. ಇಂದು ಕಿರಿಬಾಟಿ ದೇಶಕ್ಕೆ ಸೇರಿದೆ, ಆಗ ಗಿಲ್ಬರ್ಟ್ ದ್ವೀಪಗಳ ಭಾಗ. ಮುಖ್ಯ ದ್ವೀಪ ಬುಟಾರಿಟಾರಿ ಉದ್ದಕ್ಕೆ ಪಟ್ಟಿಯಂತಿದೆ. ಒಂದು ಬದಿಗೆ ತೆರೆದ ಸಾಗರ, ಇನ್ನೊಂದು ಬದಿಗೆ ಉಂಗುರದೊಳಗಿನ ತಣ್ಣಗಿನ ನೀರು, ಅಂದರೆ ಲಗೂನು. ಜಪಾನ್ ಅಲ್ಲಿ ಇಟ್ಟದ್ದು ಸಮುದ್ರವಿಮಾನಗಳ ಸಣ್ಣ ನೆಲೆ. ಕಾವಲಿಗಿದ್ದವರು ನೂರು ಜನರೂ ಅಲ್ಲ. ದಾಳಿಗೆ ಬಂದವರು ಲೆಫ್ಟಿನೆಂಟ್ ಕರ್ನಲ್ ಇವಾನ್ಸ್ ಕಾರ್ಲ್‌ಸನ್ ಕೈಕೆಳಗಿನ 2ನೇ ರೇಡರ್ ಬೆಟಾಲಿಯನ್ನಿನ ಎರಡು ಕಂಪನಿ, ಸುಮಾರು 220 ಜನ. ಉಪನಾಯಕ ಮೇಜರ್ ಜೇಮ್ಸ್ ರೂಸ್‌ವೆಲ್ಟ್, ಅಂದಿನ ಅಮೆರಿಕಾಧ್ಯಕ್ಷರ ಮಗ. ಆಗಸ್ಟ್ 7ರಂದು ಅಮೆರಿಕ ದಕ್ಷಿಣ ಪೆಸಿಫಿಕ್‌ನ ಗ್ವಾಡಲ್‌ಕನಾಲ್ ದ್ವೀಪದಲ್ಲಿ ಸೇನೆ ಇಳಿಸಿತ್ತು. ಜಪಾನಿನ ಗಮನ ಅತ್ತ ಪೂರ್ತಿ ಹೋಗದಂತೆ ಇತ್ತ ಎಳೆಯುವುದು, ನೆಲೆಯನ್ನು ಸುಡುವುದು, ಕೈದಿಗಳನ್ನೂ ಕಾಗದಪತ್ರಗಳನ್ನೂ ತರುವುದು ಅವರಿಗೆ ಒಪ್ಪಿಸಿದ ಕೆಲಸ.

ಅವರು ಪ್ರಯಾಣ ಮಾಡಿದ್ದು ನಾಟಿಲಸ್ ಮತ್ತು ಆರ್ಗೊನಾಟ್ ಎಂಬ ಎರಡು ದೊಡ್ಡ ಜಲಾಂತರ್ಗಾಮಿಗಳಲ್ಲಿ. ಆಗಸ್ಟ್ 8ರಂದು ಪರ್ಲ್ ಹಾರ್ಬರ್ ಬಿಟ್ಟು 17ರ ನಸುಕಿಗೆ ಮಾಕಿನ್ ಎದುರು ನೀರಿನ ಮೇಲೆದ್ದವು. ಗುಟ್ಟಾಗಿ ಹೋಗಲು ಜಲಾಂತರ್ಗಾಮಿಯಂಥ ವಾಹನ ಇನ್ನಿಲ್ಲ. ಆದರೆ ಅದಕ್ಕೆ ಮೂರು ದಂಡ ತೆರಬೇಕು. ಸಿಬ್ಬಂದಿಯ ಜೊತೆ ನೂರಕ್ಕೂ ಹೆಚ್ಚು ಜನ ತುಂಬಿದರೆ ಒಳಗಿನ ಸೆಕೆ, ಕೆಟ್ಟ ಗಾಳಿ ಸೈನಿಕನ ಕಸುವನ್ನು ಇಳಿಯುವ ಮೊದಲೇ ಹೀರುತ್ತವೆ. ದೊಡ್ಡ ದೋಣಿ ಒಯ್ಯಲಾಗದು. ಗಾಳಿ ತೆಗೆದು ಮಡಚಿಡಬಹುದಾದ ರಬ್ಬರ್ ದೋಣಿಯೇ ಗತಿ. ಇವೆರಡಕ್ಕಿಂತ ದೊಡ್ಡದು ಮೂರನೆಯದು: ಶತ್ರು ವಿಮಾನ ಕಂಡೊಡನೆ ಜಲಾಂತರ್ಗಾಮಿ ಮುಳುಗಲೇಬೇಕು. ಆಗ ದಡದಲ್ಲಿರುವವರಿಗೆ ಹಗಲಿಡೀ ಹಡಗೇ ಇಲ್ಲ. ಅವರನ್ನು ಹತ್ತಿಸಿಕೊಳ್ಳಲು ಇರುವುದು ರಾತ್ರಿ ಮಾತ್ರ.

ಇನ್ನು ದೋಣಿಯ ವಿಷಯ. ಉತ್ತರದ ತಿರುಳು ಇಲ್ಲಿದೆ.

ಹತ್ತು ಜನ ಕೂರುವ ರಬ್ಬರ್ ದೋಣಿ, ಸುಮಾರು 5 ಮೀಟರ್ ಉದ್ದ, 2.4 ಮೀಟರ್ ಅಗಲ. ಹಿಂದೆ 6 ಅಶ್ವಶಕ್ತಿಯ ಔಟ್‌ಬೋರ್ಡ್ ಎಂಜಿನ್. ಅಲೆಯ ಎತ್ತರ ನೀರಿನ ಆಳದ ಮುಕ್ಕಾಲು ಪಾಲಿನಷ್ಟಾದಾಗ ಅಲೆ ಒಡೆಯುತ್ತದೆ, 1.2 ಮೀಟರ್ ಅಲೆಯಾದರೆ ಸುಮಾರು ಒಂದೂವರೆ ಮೀಟರ್ ಆಳದಲ್ಲಿ. ನಮ್ಮ ಮರಳು ದಡಗಳಲ್ಲಿ ತಳ ಮೆಲ್ಲಗೆ ಏರುವುದರಿಂದ ಅಲೆ ದೂರದಿಂದಲೇ ಶಕ್ತಿ ಕಳೆದುಕೊಳ್ಳುತ್ತಾ ಬರುತ್ತದೆ. ಹವಳದ ದ್ವೀಪದಲ್ಲಿ ಸಾಗರದ ಆಳದಿಂದ ತಳ ಗೋಡೆಯಂತೆ ಎದ್ದು ನಿಲ್ಲುತ್ತದೆ. ಹಾಗಾಗಿ ಅಲೆ ತನ್ನ ಶಕ್ತಿಯನ್ನೆಲ್ಲ ಉಳಿಸಿಕೊಂಡು ಬಂದು ಒಂದೇ ಕಿರಿದಾದ ಪಟ್ಟಿಯಲ್ಲಿ ಕುಸಿಯುತ್ತದೆ, ಅದರ ಬೆನ್ನಿಗೇ ಮತ್ತೊಂದು.

ದಡಕ್ಕೆ ಬರುವಾಗ ಈ ಅಲೆ ಹಿಂದಿನಿಂದ ನೂಕುತ್ತದೆ. ಹುಟ್ಟು ಹಾಕಿ ದೋಣಿಯನ್ನು ನೇರ ಹಿಡಿದರೆ ಸಾಕು, ತಪ್ಪಿ ಮಗುಚಿದರೂ ಬೀಳುವುದು ದಡದ ಕಡೆಗೆ. ಹೊರಡುವಾಗ ಎಲ್ಲವೂ ಎದುರು. ರಬ್ಬರ್ ದೋಣಿ ಹಗುರ, ಮೂತಿ ಎತ್ತರ. ಅಲೆ ಅದನ್ನು ಎತ್ತಿ ಹಿಂದಕ್ಕೆ ಎಸೆಯುತ್ತದೆ. ಮೊದಲ ಅಲೆಗೆ ದೋಣಿ ಉಳಿದರೂ ನೀರು ತುಂಬುತ್ತದೆ. ತುಂಬಿದ ರಬ್ಬರ್ ದೋಣಿ ಮುಳುಗುವುದಿಲ್ಲ, ಆದರೆ ಒಳಗಿನ ನೀರೇ ಟನ್ನಿಗೂ ಮೀರಿದ ತೂಕವಾಗುತ್ತದೆ. ಅದನ್ನು ಮೊಗೆದು ಚೆಲ್ಲಲು ಬೇಕಾದಷ್ಟು ಬಿಡುವು ಎರಡು ಅಲೆಗಳ ನಡುವೆ ಇರಲಿಲ್ಲ. ಮಳೆಗಾಲದಲ್ಲಿ ನಮ್ಮ ಅಳಿವೆ ಬಾಗಿಲಲ್ಲಿ ದೋಣಿ ಮಗುಚುವುದೂ ಹೀಗೆಯೇ. ಹೊರಗಿನ ಕಡಲು ದಾಟಬಲ್ಲ ದೋಣಿ ಆ ನೂರು ಮಾರು ದಾಟಲಾರದೆ ಸೋಲುತ್ತದೆ.

ಎಂಜಿನ್ ಕೈಕೊಟ್ಟದ್ದಕ್ಕೂ ಸರಳ ಕಾರಣವಿದೆ. ಅದರ ಕಿಡಿ ಹುಟ್ಟಿಸುವ ಭಾಗಕ್ಕೆ, ಅಂದರೆ ಮ್ಯಾಗ್ನೆಟೊ, ತಂತಿ, ಸ್ಪಾರ್ಕ್ ಪ್ಲಗ್‌ಗಳಿಗೆ, ನೀರು ತಾಗದಂಥ ಹೊದಿಕೆ ಇರಲಿಲ್ಲ. ಉಪ್ಪುನೀರು ವಿದ್ಯುತ್ತನ್ನು ಚೆನ್ನಾಗಿ ಹರಿಸುತ್ತದೆ. ಪ್ಲಗ್ಗಿನ ಹೊರಮೈ ಒದ್ದೆಯಾದರೆ ಕಿಡಿ ಒಳಗೆ ಹಾರುವ ಬದಲು ಹೊರಗೇ ಹರಿದುಹೋಗುತ್ತದೆ. ಇಳಿಯುವಾಗಲೇ ಹಲವು ಎಂಜಿನ್‌ಗಳು ನಿಂತಿದ್ದವು. ಬೆಳಗಿನ ಆ ಸೂಚನೆಯನ್ನು ನೋಡಿಯೂ ಸಂಜೆಯ ಯೋಜನೆಯನ್ನು ಬದಲಿಸದೆ ಹೋದದ್ದೇ ದೊಡ್ಡ ತಪ್ಪು ಎಂಬುದು ನನ್ನ ತೀರ್ಮಾನ.

ಅಂದು ದಡದಲ್ಲಿ ನಡೆದ ಕಾದಾಟವನ್ನು ಚಿಕ್ಕದಾಗಿ ಹೇಳುತ್ತೇನೆ. ಎರಡು ಕಡೆ ಇಳಿಯಬೇಕಿದ್ದ ಯೋಜನೆಯನ್ನು ಕಾರ್ಲ್‌ಸನ್ ಕೊನೆ ಗಳಿಗೆಯಲ್ಲಿ ಒಂದೇ ಕಡೆಗೆ ಬದಲಿಸಿದರು. ಲೆಫ್ಟಿನೆಂಟ್ ಆಸ್ಕರ್ ಪೀಟ್ರಾಸ್ ಅವರ ದೋಣಿಗೆ ಆ ಮಾತು ತಲುಪಲಿಲ್ಲ. ಅವರ ಹನ್ನೆರಡು ಜನ ಬೇರೆಡೆ ಇಳಿದು ಜಪಾನೀಯರ ಬೆನ್ನಿಗೆ ಬಿದ್ದರು. ಇಳಿದ ಸ್ವಲ್ಪ ಹೊತ್ತಿಗೆ ಯಾರದೋ ಬಂದೂಕು ಅಕಸ್ಮಾತ್ ಹಾರಿ ಗುಟ್ಟು ಬಯಲಾಯಿತು. ತೆಂಗಿನ ಮರವೇರಿ ಕುಳಿತ ಗುರಿಕಾರರು, ಮೆಷಿನ್‌ಗನ್‌ಗಳು ರೇಡರ್‌ಗಳನ್ನು ತಡೆದವು. ಜಪಾನೀಯರು ಎರಡು ಬಾರಿ ಮುನ್ನುಗ್ಗಿ ಬಂದು ತಮ್ಮಲ್ಲಿ ಬಹುಪಾಲು ಜನರನ್ನು ಕಳೆದುಕೊಂಡರು. ಅಂದರೆ ಬೆಳಗ್ಗೆಯೇ ಕಾವಲು ಹೆಚ್ಚುಕಡಿಮೆ ಮುಗಿದಿತ್ತು, ಆದರೆ ಆ ಸಂಗತಿ ರೇಡರ್‌ಗಳಿಗೆ ತಿಳಿಯಲಿಲ್ಲ. ನಾಟಿಲಸ್ ತನ್ನ 6 ಇಂಚಿನ ತೋಪುಗಳಿಂದ ಲಗೂನಿನಲ್ಲಿದ್ದ ಎರಡು ಹಡಗುಗಳನ್ನು ಮುಳುಗಿಸಿತು. ಅಷ್ಟರಲ್ಲಿ ಕಾವಲಿನವರು ರೇಡಿಯೊ ಮೂಲಕ ಸುದ್ದಿ ಮುಟ್ಟಿಸಿಯಾಗಿತ್ತು. ಮಧ್ಯಾಹ್ನ ವಿಮಾನಗಳು ಬಂದವು. ಲಗೂನಿನಲ್ಲಿ ಸೈನಿಕರನ್ನಿಳಿಸಲು ಬಂದ ಎರಡು ಸಮುದ್ರವಿಮಾನಗಳನ್ನು ರೇಡರ್‌ಗಳು ಮೆಷಿನ್‌ಗನ್ನಿನಿಂದಲೂ ಬಾಯ್ಸ್ ಟ್ಯಾಂಕ್‌ಭೇದಿ ರೈಫಲ್‌ನಿಂದಲೂ ಹೊಡೆದು ಹಾಳು ಮಾಡಿದರು.

ಸಂಜೆ 7.30ಕ್ಕೆ, ಬೆಳಗ್ಗೆ ಇಳಿದಿದ್ದ ಸಾಗರದ ಬದಿಯಿಂದಲೇ, ದೋಣಿಗಳನ್ನು ನೀರಿಗೆ ತಳ್ಳಿದರು. ಗಂಟೆಗಟ್ಟಲೆ ಹೋರಾಡಿದ ಮೇಲೂ 18 ದೋಣಿಗಳಲ್ಲಿ 7 ಮಾತ್ರ ಅಲೆ ದಾಟಿದವು. ನೂರು ಜನವೂ ಹಡಗು ಸೇರಲಿಲ್ಲ. ದಡದಲ್ಲಿ ಉಳಿದವರು ಸುಮಾರು 120, ಅವರಲ್ಲಿ ಗಾಯಾಳುಗಳು ಬೇರೆ. ದೋಣಿ ಮಗುಚಿದಾಗ ಬಂದೂಕು, ಬೂಟು, ಮದ್ದುಗುಂಡು ಎಲ್ಲ ನೀರುಪಾಲು. ಕೈಯಲ್ಲಿ ಆಯುಧ ಉಳಿದದ್ದು ದಡ ಕಾಯಲು ಬಿಟ್ಟಿದ್ದ ಇಪ್ಪತ್ತು ಜನರಿಗೆ ಮತ್ತು ಇನ್ನು ಕೆಲವರಿಗೆ. ಬೆಳಗಾದರೆ ಮತ್ತೆ ವಿಮಾನ, ಜೊತೆಗೆ ಜಪಾನಿನ ಹೊಸ ಪಡೆ ಬರಬಹುದೆಂಬ ಭಯ. ಶರಣಾಗತಿಯ ಚೀಟಿ ಹುಟ್ಟಿದ್ದು ಈ ಕತ್ತಲಲ್ಲಿ. ಅದನ್ನು ಒಬ್ಬ ಜಪಾನಿ ಸೈನಿಕನ ಕೈಗೆ ಕೊಟ್ಟರು. ಅವನು ತನ್ನವರಿಗೆ ಮುಟ್ಟಿಸುವ ಮುನ್ನವೇ ಸತ್ತನೆಂದು ಹೇಳಲಾಗುತ್ತದೆ. ಇದನ್ನು ಹೇಡಿತನವೆನ್ನುವವರು ಆ 120 ಜನರಲ್ಲಿ ಹೆಚ್ಚಿನವರ ಕೈ ಖಾಲಿಯಾಗಿತ್ತೆಂಬುದನ್ನು ಮರೆಯುತ್ತಾರೆ.

18ರ ಬೆಳಗ್ಗೆ ಇನ್ನೂ ಕೆಲವು ದೋಣಿಗಳು ದಾಟಿದವು. ಹಡಗಿನಿಂದ ಐದು ಜನ ಸ್ವಯಂಸೇವಕರು ಹಗ್ಗ ಎಸೆಯುವ ಬಂದೂಕಿನೊಡನೆ ದಡದ ಕಡೆ ಬಂದರು. ಅಲೆಯ ಹೊರಗಿನಿಂದ ಹಗ್ಗ ಕೊಟ್ಟು ದೋಣಿಗಳನ್ನು ಎಳೆದುಕೊಳ್ಳುವುದು ಉಪಾಯ. ಅಷ್ಟರಲ್ಲಿ ವಿಮಾನಗಳು ಬಂದೆರಗಿದವು, ಜಲಾಂತರ್ಗಾಮಿಗಳು ಮುಳುಗಿದವು. ಆ ಉಪಾಯ ಸರಿಯಾದದ್ದೇ. ಬಂದದ್ದು ಒಂದು ದಿನ ತಡವಾಗಿ.

ಹಗಲು ದ್ವೀಪವನ್ನು ಸುತ್ತಿ ನೋಡಿದಾಗ ಉಳಿದ ಜಪಾನೀಯರು ಬೆರಳೆಣಿಕೆಯಷ್ಟು ಎಂಬುದು ಗೊತ್ತಾಯಿತು. ಆಗ ಶರಣಾಗತಿಯ ಮಾತು ಬಿಟ್ಟು, ಬಂದ ಕೆಲಸವನ್ನು ಮುಂದುವರಿಸಿದರು. ರೇಡಿಯೊ ಕೇಂದ್ರ ನಾಶವಾಯಿತು, 700ರಿಂದ 1000 ಪೀಪಾಯಿಯಷ್ಟು ವಿಮಾನದ ಪೆಟ್ರೋಲ್ ಸುಟ್ಟುಹೋಯಿತು. ರಾತ್ರಿ ಹೊರಡಲು ಸಾಗರದ ಬದಿಯನ್ನು ಬಿಟ್ಟು ಲಗೂನಿನ ಬದಿಗೆ ಬಂದರು. ಪಕ್ಕಕ್ಕೆ ತೇಲುಮರ ಕಟ್ಟಿದ ಸ್ಥಳೀಯ ದೋಣಿಯೊಂದಕ್ಕೆ ನಾಲ್ಕು ರಬ್ಬರ್ ದೋಣಿಗಳನ್ನು ಬಿಗಿದು, ಇನ್ನೂ ಓಡುತ್ತಿದ್ದ ಎರಡು ಎಂಜಿನ್ ಹಾಕಿ, ತಣ್ಣಗಿನ ನೀರಿನಲ್ಲಿ ಲಗೂನಿನ ಬಾಯಿಯವರೆಗೆ ಸಾಗಿದರು. ದೀಪದ ಸಂಜ್ಞೆ ಕೊಟ್ಟು ಜಲಾಂತರ್ಗಾಮಿಗಳನ್ನು ಅಲ್ಲಿಗೆ ಕರೆಸಿದ್ದರು. ರಾತ್ರಿ 11 ದಾಟುವ ಹೊತ್ತಿಗೆ ಹಡಗು ಸಿಕ್ಕಿತು. ಆ ದಾರಿ ಮೊದಲ ದಿನವೂ ಅಲ್ಲೇ ಇತ್ತು.

ಇದಕ್ಕೆ ತೆತ್ತ ಬೆಲೆ 30 ಜನ. 18 ಜನ ಸತ್ತರೆಂದೂ 12 ಜನ ನಾಪತ್ತೆಯೆಂದೂ ಅಂದು ಬರೆದುಕೊಂಡರು. ಆ ಹನ್ನೆರಡರಲ್ಲಿ ಒಂಬತ್ತು ಜನ ಜೀವಂತವಾಗಿ ದ್ವೀಪದಲ್ಲೇ ಉಳಿದುಹೋಗಿದ್ದರು. ಜಪಾನೀಯರು ಅವರನ್ನು ಹಿಡಿದು ಮಾರ್ಷಲ್ ದ್ವೀಪಗಳ ಕ್ವಾಜಲೀನ್‌ಗೆ ಒಯ್ದು ಅಕ್ಟೋಬರ್‌ನಲ್ಲಿ ತಲೆ ಕಡಿದರು. ಆ ಅಪರಾಧಕ್ಕಾಗಿ ಅಲ್ಲಿನ ಜಪಾನಿ ಪಡೆಯ ಮುಖ್ಯಸ್ಥ ವೈಸ್ ಅಡ್ಮಿರಲ್ ಕೋಸೊ ಆಬೆ ಅವರನ್ನು ಯುದ್ಧದ ನಂತರ ಗಲ್ಲಿಗೇರಿಸಲಾಯಿತು. ಕತ್ತಲಲ್ಲಿ, ಎರಡು ಹಡಗುಗಳಿಗೆ, ಬೇರೆಬೇರೆ ಹೊತ್ತಿನಲ್ಲಿ ಜನ ಹತ್ತಿದರೆ ತಲೆ ಎಣಿಕೆ ತಪ್ಪುತ್ತದೆ. ಈ ಹಡಗಿನಲ್ಲಿಲ್ಲದವನು ಆ ಹಡಗಿನಲ್ಲಿರಬಹುದು ಎಂದುಕೊಳ್ಳುವುದು ಸಹಜ. ಇಳಿಯುವಾಗ ಯಾರು ಯಾವ ದೋಣಿಯೋ ಹತ್ತುವಾಗಲೂ ಅದೇ ದೋಣಿ, ಹೆಸರು ಕರೆಯಲು ದೋಣಿಗೊಬ್ಬ ಎಂಬ ನಿಯಮದ ಅಗತ್ಯ ಇಂಥ ಕಡೆಯೇ ತಿಳಿಯುವುದು. ದ್ವೀಪದವರು ಹೂತಿದ್ದ 19 ಜನರ ಅವಶೇಷಗಳು 1999ರಲ್ಲಿ ಸಿಕ್ಕವು.

ಇದೇ ಕೆಲಸ ಚೆನ್ನಾಗಿ ನಡೆದ ಉದಾಹರಣೆಯೂ ಬೇಕಲ್ಲ. ಮಾಕಿನ್ ಆದ ಎರಡೇ ವಾರಕ್ಕೆ, 1942ರ ಸೆಪ್ಟೆಂಬರ್ 2ರ ರಾತ್ರಿ, ಇಂಗ್ಲಿಷ್ ಕಾಲುವೆಯ ಕಾಸ್ಕೆಟ್ಸ್ ಎಂಬ ಬಂಡೆಗಳ ಮೇಲಿನ ದೀಪಸ್ತಂಭಕ್ಕೆ ಬ್ರಿಟಿಷರ ಹನ್ನೆರಡು ಜನ ಹೋದರು. ಜರ್ಮನರು ಅದನ್ನು ರೇಡಿಯೊ ನೆಲೆ ಮಾಡಿಕೊಂಡಿದ್ದರು. ಟಾರ್ಪೆಡೊ ದೋಣಿ ದೂರ ನಿಂತಿತು. ಮಡಚುವ ಸಣ್ಣ ದೋಣಿಯಲ್ಲಿ ಹುಟ್ಟು ಹಾಕಿ ಬಂಡೆಗೆ ಬಂದರು. ಬಂಡೆಯ ಹತ್ತಿರ ಬರುವ ಮೊದಲೇ ಹಿಂಬದಿಯಿಂದ ಸಣ್ಣ ಲಂಗರನ್ನು ಆಳಕ್ಕೆ ಬಿಟ್ಟು, ಹಗ್ಗ ಸಡಿಲಿಸುತ್ತಾ ಒಳಬಂದರು, ಮೂತಿಯ ಹಗ್ಗವನ್ನು ಒಬ್ಬ ಬಂಡೆಗೆ ಹಾರಿ ಹಿಡಿದ. ಎರಡು ಹಗ್ಗಗಳ ನಡುವೆ ದೋಣಿ ಬಂಡೆಗೆ ಬಡಿಯದೆ ತೂಗುತ್ತಾ ನಿಂತಿತು. ಹೊರಡುವಾಗ ಹಿಂದಿನ ಹಗ್ಗ ಎಳೆದರೆ ಸಾಕು, ದೋಣಿ ಹೊರಗೆ. ಮೇಲಿದ್ದ ಏಳೂ ಜರ್ಮನರು ರೇಡಿಯೊ ಮುಟ್ಟುವ ಮೊದಲೇ ಸಿಕ್ಕರು, ಕೆಲವರು ಮಲಗುವ ಬಟ್ಟೆಯಲ್ಲೇ ಇದ್ದರು. ಒಂದು ಗುಂಡೂ ಹಾರಲಿಲ್ಲ. ರೇಡಿಯೊ ಒಡೆದು, ಸಂಕೇತ ಪುಸ್ತಕಗಳನ್ನು ಹೊತ್ತು ಹೊರಟರು. ಹೊರಡುವಾಗಲೂ ಒಬ್ಬನ ಕಾಲಿಗೆ ಪೆಟ್ಟಾಯಿತು. ಅಷ್ಟು ಚಂದದ ದಾಳಿಯಲ್ಲೂ ಪೆಟ್ಟು ಬಿದ್ದದ್ದು ಹತ್ತುವ ಜಾಗದಲ್ಲೇ.

ಈ ಪಾಠಕ್ಕೆ ಬ್ರಿಟಿಷರು ಮೊದಲೇ ಬೆಲೆ ತೆತ್ತಿದ್ದರು. 1940ರ ಜುಲೈನಲ್ಲಿ ಅದೇ ಕಾಲುವೆಯ ಗರ್ನ್‌ಸಿ ದ್ವೀಪಕ್ಕೆ ಕಮಾಂಡೊಗಳನ್ನು ಕಳಿಸಿದಾಗ ಒಂದು ದೋಣಿಯ ದಿಕ್ಸೂಚಿ ಕೆಟ್ಟು ದಾರಿ ತಪ್ಪಿತು. ಕಬ್ಬಿಣದ ಹಡಗು ಹತ್ತಿರ ಬಂದರೆ ನೀರೊಳಗೆ ಸಿಡಿಯುವ ಅಯಸ್ಕಾಂತ ಸಿಡಿಮದ್ದಿನಿಂದ ಪಾರಾಗಲೆಂದು ದೋಣಿಗೆ ಸುತ್ತಿದ್ದ ವಿದ್ಯುತ್ ತಂತಿಯೇ ಸೂಜಿಯನ್ನು ತಿರುಗಿಸಿತ್ತು. ಅದನ್ನು ಅಳವಡಿಸಿದ ಮೇಲೆ ದಿಕ್ಸೂಚಿಯನ್ನು ಮತ್ತೆ ಸರಿಹೊಂದಿಸಿ ನೋಡಿರಲಿಲ್ಲ. ಇಳಿದವರಿಗೆ ಶತ್ರು ಸಿಗಲಿಲ್ಲ. ಹಿಂದಿರುಗುವಾಗ ದೋಣಿ ದಡಕ್ಕೆ ಬರಲಾರದೆ ಈಜಿ ಬನ್ನಿ ಎಂದರು. ಈಜು ಬಾರದ ಕೆಲವರು ಅಲ್ಲೇ ಉಳಿದು ಸೆರೆಯಾದರು.

ಇನ್ನು ನಿಮ್ಮ ಎರಡನೆಯ ಪ್ರಶ್ನೆ. ಸಣ್ಣ ದ್ವೀಪದ ನೆಲೆ ಕಣ್ಣು, ಕಿವಿ, ಕೆಲವೊಮ್ಮೆ ಕಾಲಿಡುವ ಮೆಟ್ಟಿಲು. ಮಾಕಿನ್‌ನಂಥಲ್ಲಿ ಸಮುದ್ರವಿಮಾನಕ್ಕೆ ಓಡುಪಟ್ಟಿ ಬೇಡ, ಲಗೂನೇ ಓಡುಪಟ್ಟಿ. ಪೆಟ್ರೋಲ್ ಪೀಪಾಯಿ, ರೇಡಿಯೊ, ಹವಾಮಾನ ನೋಡುವವರು, ಒಂದಿಷ್ಟು ಕಾವಲು ಇದ್ದರೆ ಸಾವಿರಾರು ಕಿಲೋಮೀಟರ್ ಕಡಲಿನ ಮೇಲೆ ಕಣ್ಣಿಡಬಹುದು. ಇಷ್ಟು ಚಿಕ್ಕ ಕಾವಲಿಗೆ ದ್ವೀಪವನ್ನು ಉಳಿಸಿಕೊಳ್ಳುವ ಶಕ್ತಿ ಇಲ್ಲ. ಅದರ ನಿಜವಾದ ಕೆಲಸ ದಾಳಿಯಾಗುತ್ತಿದೆ ಎಂಬ ಒಂದು ಸಂದೇಶ ಕಳಿಸುವುದು. ಹಾಗಾಗಿಯೇ ದಾಳಿಕೋರನ ಗಡಿಯಾರ ಆ ಸಂದೇಶ ಹೋದ ಕ್ಷಣದಿಂದ ಓಡತೊಡಗುತ್ತದೆ. ಕಾಸ್ಕೆಟ್ಸ್‌ನಲ್ಲಿ ಆ ಗಡಿಯಾರ ಶುರುವಾಗಲೇ ಇಲ್ಲ. ಮಾಕಿನ್‌ನಲ್ಲಿ ಬೆಳಗ್ಗೆಯೇ ಶುರುವಾಯಿತು.

ಇಂಥ ನೆಲೆಯನ್ನು ಒಳಗಿನಿಂದ ಕೊರೆಯುವುದು ನೀರಿನ ಚಿಂತೆ. ಸೆಕೆಯ ನಾಡಿನಲ್ಲಿ ಕುಡಿಯಲು, ಅಡುಗೆಗೆ ತಲೆಗೆ ದಿನಕ್ಕೆ 5 ಲೀಟರ್ ಎಂದು ಬಿಗಿ ಮಾಡಿ ಹಿಡಿದರೂ 300 ಜನಕ್ಕೆ ತಿಂಗಳಿಗೆ 45,000 ಲೀಟರ್ ಬೇಕು. ಹವಳದ ದ್ವೀಪದಲ್ಲಿ ಹೊಳೆ ಇಲ್ಲ; ಮಳೆನೀರು ನೆಲದೊಳಗೆ ಇಂಗಿ, ಉಪ್ಪುನೀರಿಗಿಂತ ಹಗುರವಾದ್ದರಿಂದ ಅದರ ಮೇಲೆ ತೇಲುತ್ತಾ ನಿಂತಿರುತ್ತದೆ. ಸಮುದ್ರಮಟ್ಟಕ್ಕಿಂತ ಒಂದಡಿ ಮೇಲೆ ಸಿಹಿನೀರಿದ್ದರೆ ಕೆಳಗೆ ಸುಮಾರು 40 ಅಡಿ ಇರುತ್ತದೆಂಬುದು ಲೆಕ್ಕ. ಅದೇ ಲೆಕ್ಕ ತಿರುಗಿಯೂ ಕೆಲಸ ಮಾಡುತ್ತದೆ: ಬಾವಿಯಲ್ಲಿ ಒಂದಡಿ ಹೆಚ್ಚು ಎತ್ತಿದರೆ ಕೆಳಗಿನಿಂದ ಉಪ್ಪು ಅದರ ಹಲವು ಪಟ್ಟು ಮೇಲೇರುತ್ತದೆ. ಒಂದೇ ಆಳದ ಬಾವಿ ತೋಡಿ ಪಂಪ್ ಇಡುವ ಬದಲು ಹತ್ತಾರು ಆಳವಿಲ್ಲದ ಗುಂಡಿಗಳಿಂದ ಸ್ವಲ್ಪ ಸ್ವಲ್ಪವೇ ಎತ್ತಬೇಕು, ತಗಡಿನ ಸೂರಿನ ಮಳೆನೀರನ್ನು ತೊಟ್ಟಿಗೆ ಹಿಡಿಯಬೇಕು. ಕಾವಲಿನವರ ಸಂಖ್ಯೆಯನ್ನು ಕೊನೆಗೆ ನಿರ್ಧರಿಸುವುದು ತೋಪುಗಳಿಗಿಂತ ಹೆಚ್ಚಾಗಿ ಈ ತೊಟ್ಟಿ.

ದಾಳಿ ಮಾಡಿ ಬಿಟ್ಟುಹೋಗುವುದರ ಲಾಭನಷ್ಟ ವರ್ಷದ ಮೇಲೆ ಗೊತ್ತಾಗುತ್ತದೆ. ಮಾಕಿನ್ ದಾಳಿಯ ಸುದ್ದಿ ಅಮೆರಿಕದಲ್ಲಿ ಹುರುಪು ತುಂಬಿತು, ಆದರೆ ಗ್ವಾಡಲ್‌ಕನಾಲ್‌ಗೆ ಹೊರಟಿದ್ದ ಜಪಾನಿ ಬಲವನ್ನು ಅದು ಹೇಳಿಕೊಳ್ಳುವಷ್ಟು ತಿರುಗಿಸಲಿಲ್ಲ. ಎಚ್ಚೆತ್ತ ಜಪಾನ್ ಗಿಲ್ಬರ್ಟ್ ದ್ವೀಪಗಳನ್ನು, ಅದರಲ್ಲೂ ತರಾವವನ್ನು, ಕಾಂಕ್ರೀಟ್, ತೆಂಗಿನ ದಿಮ್ಮಿ, ಕಡಲ ತೋಪುಗಳಿಂದ ಕೋಟೆಯಾಗಿಸಿತು. 1943ರ ನವೆಂಬರ್‌ನಲ್ಲಿ ಅಮೆರಿಕ ಅಲ್ಲಿಗೆ ಬಂದಾಗ ಮೂರೇ ದಿನಗಳಲ್ಲಿ ಸುಮಾರು ಒಂದು ಸಾವಿರ ಮೆರೀನ್‌ಗಳು ಸತ್ತರು. ಕೋಟೆ ಕಟ್ಟುವ ಯೋಚನೆ ಜಪಾನಿಗೆ ಮೊದಲೂ ಇದ್ದಿರಬಹುದೆಂದು ವಾದಿಸುವವರಿದ್ದಾರೆ. ಆದರೆ ದಾಳಿ ಅದಕ್ಕೆ ಆತುರ ತಂದದ್ದು ನಿಜ. ಇದಕ್ಕೆ ಎದುರಾಗಿ ಇಂಗ್ಲಿಷ್ ಕಾಲುವೆಯ ದ್ವೀಪಗಳನ್ನು ನೋಡಿ. ಹಿಟ್ಲರ್ 1941ರಿಂದಲೇ ಅಲ್ಲಿ ಕಾಂಕ್ರೀಟ್ ಸುರಿಯುತ್ತಿದ್ದ, ದಾಳಿಗಳು ಅವನ ಹಟವನ್ನು ಬಲಪಡಿಸಿದವು. ಮಿತ್ರಪಡೆಗಳು 1944ರಲ್ಲಿ ಆ ದ್ವೀಪಗಳನ್ನು ಪಕ್ಕಕ್ಕೆ ಬಿಟ್ಟು ನಾರ್ಮಂಡಿಗೆ ಹೋದವು. ಅಲ್ಲಿದ್ದ ಸಾವಿರಾರು ಜರ್ಮನ್ ಸೈನಿಕರು ಯುದ್ಧ ಮುಗಿಯುವವರೆಗೆ ಕಾದು ಕುಳಿತು, 1945ರ ಮೇನಲ್ಲಿ ಶರಣಾದರು. ಮುಂದೆ ನೀವೇ ಬಂದು ಹಿಡಿಯಬೇಕಾದ ದ್ವೀಪದ ಮೇಲೆ ಸುಮ್ಮನೆ ದಾಳಿ ಮಾಡಿ ಎಬ್ಬಿಸಬೇಡಿ, ಎಂದೂ ಬೇಡದ ದ್ವೀಪದಲ್ಲಿ ಶತ್ರು ಎಷ್ಟು ಬೇಕಾದರೂ ಕಟ್ಟಿಕೊಳ್ಳಲಿ.

ಎಂದೂ ಬೇಡದ ದ್ವೀಪದ ಮೇಲೆ ಮಾಡುವ ದಾಳಿಗೂ ಬೆಲೆಯಿದೆ. 1942ರ ಅಕ್ಟೋಬರ್‌ನಲ್ಲಿ ಇಂಗ್ಲಿಷ್ ಕಾಲುವೆಯ ಸಾರ್ಕ್ ದ್ವೀಪದ ಮೇಲೆ ಬ್ರಿಟಿಷರು ಮಾಡಿದ ದಾಳಿಯಲ್ಲಿ ಕೈ ಕಟ್ಟಿದ್ದ ಕೆಲವು ಜರ್ಮನ್ ಕೈದಿಗಳು ಓಡಲು ಹೋಗಿ ಸತ್ತರು. ಎರಡು ವಾರಗಳಲ್ಲಿ, ಸಿಕ್ಕ ಕಮಾಂಡೊಗಳನ್ನು ಕೊಲ್ಲಬೇಕೆಂಬ ಹಿಟ್ಲರನ ಆಜ್ಞೆ ಹೊರಬಿತ್ತು. ಅದೇ ವರ್ಷ ಫ್ರಾನ್ಸಿನ ಡಿಯೆಪ್ ಬಂದರಿನ ಮೇಲೆ ಮಿತ್ರಪಡೆಗಳು ಮಾಡಿದ್ದ ದಾಳಿಯ ಸಿಟ್ಟೂ ಅದರ ಹಿಂದಿತ್ತು. ಮುಂದೆ ಎಷ್ಟೋ ಕಡೆ ಸೆರೆಸಿಕ್ಕ ಸಮವಸ್ತ್ರದ ಸೈನಿಕರು ಆ ಆಜ್ಞೆಗೆ ಬಲಿಯಾದರು.

ಕೊನೆಗೆ ಅಂಜದೀವು. ಅದು ದಾಳಿ ಮಾಡಿ ಮರಳುವ ಕಾರ್ಯಾಚರಣೆಯಾಗಿರಲಿಲ್ಲ. 1961ರ ನವೆಂಬರ್‌ನಲ್ಲಿ ದ್ವೀಪದ ಪೋರ್ಚುಗೀಸ್ ಕಾವಲಿನವರು ಪಕ್ಕದಲ್ಲಿ ಹಾದುಹೋಗುತ್ತಿದ್ದ ಸಾಬರಮತಿ ಹಡಗಿನ ಮೇಲೆ ಗುಂಡು ಹಾರಿಸಿದ್ದರು. ಗೋವಾ ಕಾರ್ಯಾಚರಣೆಯ ಭಾಗವಾಗಿ ಡಿಸೆಂಬರ್ 18ರಂದು ದ್ವೀಪವನ್ನು ಹಿಡಿದಿಟ್ಟುಕೊಳ್ಳಲೆಂದೇ ಐಎನ್‌ಎಸ್ ತ್ರಿಶೂಲ್‌ನಿಂದ ನಾವಿಕರು ಇಳಿದರು, ಬೆಂಬಲಕ್ಕೆ ಐಎನ್‌ಎಸ್ ಮೈಸೂರು ಇತ್ತು. ಹೊರಡುವ ದಾರಿಯ ಪ್ರಶ್ನೆ ಅಲ್ಲಿರಲಿಲ್ಲ. ಮೊದಲ ದೋಣಿಯವರು ಸುರಕ್ಷಿತವಾಗಿ ದಡ ಸೇರಿದರು. ಶರಣಾಗತಿಯ ಬಿಳಿ ಬಾವುಟ ಕಂಡಿತ್ತು. ಆಮೇಲೆ ಬಂದವರ ಮೇಲೆ ಗುಂಡಿನ ಸುರಿಮಳೆಯಾಯಿತು. ಏಳು ಜನ ಸತ್ತರು, ಹಲವರು ಗಾಯಗೊಂಡರು.

ಮಾಕಿನ್‌ಗೂ ಅಂಜದೀವಿಗೂ ನಂಟಿರುವುದು ತೋಪಿನ ವಿಷಯದಲ್ಲಿ. ಅಲ್ಲಿನ ನಾಟಿಲಸ್‌ನಂತೆಯೇ ಇಲ್ಲಿನ ಮೈಸೂರು ಹಡಗಿನಲ್ಲೂ 6 ಇಂಚಿನ ತೋಪುಗಳಿದ್ದವು, ಅದೂ ಒಂಬತ್ತು. ಅಷ್ಟು ದೊಡ್ಡ ಬಲವೂ ನಮ್ಮವರು ಶತ್ರುವಿನ ಹತ್ತಿರ ಇಳಿದ ಮೇಲೆ ಕೈಕಟ್ಟಿ ನಿಲ್ಲಬೇಕಾಗುತ್ತದೆ, ಏಕೆಂದರೆ ದ್ವೀಪ ಚಿಕ್ಕದಾದಷ್ಟೂ ಗುಂಡು ಬೀಳುವ ಜಾಗಕ್ಕೂ ನಮ್ಮವರಿಗೂ ಅಂತರ ಉಳಿಯುವುದಿಲ್ಲ. ದಡದಿಂದ ಹಡಗಿಗೆ ನಿಖರವಾಗಿ ಗುರಿ ಹೇಳಬಲ್ಲ ಒಬ್ಬ ವೀಕ್ಷಕ, ನೀರಿಗೆ ಕೆಡದ ರೇಡಿಯೊ, ಎಲ್ಲ ದೋಣಿಗಳೂ ಮುಟ್ಟುವವರೆಗೆ ತೋಪು ನಿಲ್ಲಿಸದ ಕಟ್ಟುನಿಟ್ಟು ಬೇಕು. ಬಾವುಟ ಏನೇ ಹೇಳಲಿ, ಎದುರಾಳಿ ಆಯುಧ ಕೆಳಗಿಟ್ಟು ಬಯಲಿಗೆ ಬಂದು ನಿಲ್ಲುವವರೆಗೆ ಎರಡನೆಯ ದೋಣಿಯನ್ನು ಬಿಡಬಾರದು. ದ್ವೀಪ ಪೂರ್ತಿ ಕೈಗೆ ಬಂದದ್ದು ಮತ್ತೆ ತೋಪು ಹಾರಿಸಿದ ಮೇಲೆ, ಡಿಸೆಂಬರ್ 19ರಂದು. ಇಂದು ಕದಂಬ ನೌಕಾನೆಲೆಯ ಅಲೆತಡೆಗೋಡೆ ಅಂಜದೀವನ್ನು ದಡಕ್ಕೆ ಜೋಡಿಸಿದೆ. ಸತ್ತ ಏಳು ಜನರ ಸ್ಮಾರಕವೂ ಆ ದ್ವೀಪದಲ್ಲೇ ಇದೆ.